ಒಂದೇ ಹೆಸರು ಎಷ್ಟು ಸಲ ಬಂದಿದೆ? ಡೇಟಾಬೇಸನ್ನೇ ಕೇಳಿ

ಊರಿನ ಗ್ರಂಥಾಲಯದ ಸದಸ್ಯರ ರಿಜಿಸ್ಟರನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕಿದ್ದೀರಿ ಅಂದುಕೊಳ್ಳಿ. ಮೂರ್ನಾಲ್ಕು ಜನ ಹಂಚಿಕೊಂಡು ಟೈಪ್ ಮಾಡಿದ ಮೇಲೆ ಒಬ್ಬರೇ ಎರಡೆರಡು ಸಲ ಸೇರಿರುತ್ತಾರೆ, ಅಲ್ವಾ? ಅದನ್ನು ಕಣ್ಣಲ್ಲಿ ಹುಡುಕುತ್ತಾ ಕೂರಬೇಡಿ.

ಟೇಬಲ್ ಹೆಸರು ‘ಸದಸ್ಯರು’. ಅದರಲ್ಲಿ ಐಡಿ, ಹೆಸರು, ಮೊಬೈಲ್ ಎಂಬ ಕಾಲಂಗಳಿವೆ. ಮೊದಲ ಪ್ರಶ್ನೆ ಹೀಗಿರಲಿ (ಸೆಲೆಕ್ಟ್, ಫ್ರಮ್ ಮುಂತಾದ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ):

ಸೆಲೆಕ್ಟ್ ಮೊಬೈಲ್, ಕೌಂಟ್(*)
ಫ್ರಮ್ ಸದಸ್ಯರು
ಗ್ರೂಪ್ ಬೈ ಮೊಬೈಲ್
ಹ್ಯಾವಿಂಗ್ ಕೌಂಟ್(*) > 1;

‘ಗ್ರೂಪ್ ಬೈ’ ಒಂದೇ ನಂಬರಿನ ಸಾಲುಗಳನ್ನು ಒಂದು ಗುಂಪಿಗೆ ಹಾಕುತ್ತದೆ. ‘ಕೌಂಟ್’ ಪ್ರತಿ ಗುಂಪನ್ನು ಎಣಿಸುತ್ತದೆ. ‘ಹ್ಯಾವಿಂಗ್’ ಒಂದಕ್ಕಿಂತ ಜಾಸ್ತಿ ಇರುವುದನ್ನು ಮಾತ್ರ ಉಳಿಸುತ್ತದೆ. ಇಲ್ಲಿ ‘ವೇರ್’ ನಡೆಯುವುದಿಲ್ಲ. ಅದು ಗುಂಪು ಮಾಡುವ ಮೊದಲೇ ಸಾಲುಗಳನ್ನು ಸೋಸುತ್ತದೆ, ಆಗಿನ್ನೂ ಎಣಿಕೆಯೇ ಆಗಿರುವುದಿಲ್ಲ.

ನಂಬರ್ ಕೊಡದವರೆಲ್ಲ ‘ನಲ್’ ಎಂದು ಒಂದೇ ಗುಂಪಿಗೆ ಬಂದು ಬೀಳುತ್ತಾರೆ. ‘ಗ್ರೂಪ್ ಬೈ’ಗೆ ಮುಂಚೆ ‘ವೇರ್ ಮೊಬೈಲ್ ಈಸ್ ನಾಟ್ ನಲ್’ ಸೇರಿಸಿ, ಅವರನ್ನು ಹೊರಗಿಡಿ.

ಒಂದು ನಂಬರ್ ಎರಡು ಸಲ ಬಂದ ಮಾತ್ರಕ್ಕೆ ಸಾಲು ಅಳಿಸಬೇಡಿ. ಅಮ್ಮ, ಮಗಳು ಇಬ್ಬರದ್ದೂ ಮನೆಯ ಒಂದೇ ಫೋನ್ ಆಗಿರಬಹುದು. ‘ಗ್ರೂಪ್ ಬೈ ಹೆಸರು, ಮೊಬೈಲ್’ ಎಂದು ಕೇಳುವುದೇ ಸರಿ. ‘ಸೆಲೆಕ್ಟ್’ನಲ್ಲೂ ಎರಡನ್ನೂ ಕೊಟ್ಟು, ಜೊತೆಗೆ ‘ಅರೇ_ಆಗ್(ಐಡಿ)’ ಸೇರಿಸಿದರೆ ಯಾವ್ಯಾವ ಸಾಲು ಎಂಬುದೂ ಅಲ್ಲೇ ಕಾಣುತ್ತದೆ.

ಕನ್ನಡ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎರಡು ಸಾಲಿನಲ್ಲೂ ‘ರಮೇಶ್’ ಅಂತಲೇ ಕಾಣುತ್ತದೆ, ಆದರೂ ಎಣಿಕೆ ಒಂದೊಂದೇ ಬರುತ್ತದೆ. ‘ಚಾರ್_ಲೆಂಗ್ತ್(ಹೆಸರು)’ ಕೊಟ್ಟು ನೋಡಿ, ಅದು ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಒಂದರಲ್ಲಿ 5, ಇನ್ನೊಂದರಲ್ಲಿ 6 ಬಂದರೆ ಕೊನೆಯಲ್ಲಿ ಕಣ್ಣಿಗೆ ಕಾಣದ್ದೇನೋ ಕೂತಿದೆ. ಅದು ಖಾಲಿ ಜಾಗ ಇರಬಹುದು, ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಯೂನಿಕೋಡ್ ಚಿಹ್ನೆ ಇರಬಹುದು. ಆ ಚಿಹ್ನೆಯ ಸಂಖ್ಯೆ 8204. ಹಿಂದೆ ಮುಂದಿನ ಖಾಲಿ ಜಾಗ ತೆಗೆಯುವ ‘ಟ್ರಿಮ್’ ಒಂದೇ ಅದನ್ನು ತೆಗೆಯುವುದಿಲ್ಲ. ಆಗ ‘ಸೆಲೆಕ್ಟ್’ನಲ್ಲೂ ‘ಗ್ರೂಪ್ ಬೈ’ಯಲ್ಲೂ ಹೆಸರಿನ ಬದಲು ಇದನ್ನು ಕೊಡಿ:

ಟ್ರಿಮ್(ರಿಪ್ಲೇಸ್(ಹೆಸರು, ಸಿಎಚ್ಆರ್(8204), ''))

ಇದನ್ನು ಎಣಿಸುವುದಕ್ಕಷ್ಟೇ ಬಳಸಿ. ಟೇಬಲ್‌ನಲ್ಲಿರುವ ಹೆಸರನ್ನೇ ಹೀಗೆ ಬದಲಿಸಿದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿಬಿಡುತ್ತದೆ.