ಸೆಲ್ಫ್ ಹೊಸದು, ಗಾಡಿ ಮಾತ್ರ ಸ್ಟಾರ್ಟ್ ಆಗದು: ನನ್ನ ಅನುಭವ

ಲಾರಿಗೆ ಬೇರೆ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಹಾಕಿಸಿದ ಮೇಲೂ ಇಂಜಿನ್ ತಿರುಗದಿದ್ದರೆ, ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಇದೂ ಡೆಡ್ ಪೀಸು’ ಅಂತ. ಹಿರಿಯೂರು ಹೆದ್ದಾರಿ ಬದಿಯಲ್ಲಿ ಲಾರಿ ವೈರಿಂಗ್ ಕೆಲಸ ಮಾಡುವ ನಾನು ಹೇಳುವುದು ಒಂದೇ: ಕೀ ತಿರುಗಿಸಿ ಹಿಡಿದಿರುವಾಗ ವೋಲ್ಟೇಜ್ ಎಲ್ಲೆಲ್ಲಿ ಎಷ್ಟಿದೆ ಎಂದು ನೋಡುವ ತನಕ ಸೆಲ್ಫ್ ಬಿಚ್ಚಬೇಡಿ.

ಕಳೆದ ಈರುಳ್ಳಿ ಸುಗ್ಗಿಯಲ್ಲಿ ಬಂದ ಒಂದು ಗಾಡಿಯ ಕತೆ ಹೇಳುತ್ತೇನೆ. ಆರು ಚಕ್ರದ ಲಾರಿ, 24 ವೋಲ್ಟ್ ಸಿಸ್ಟಂ, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ. ಚಳ್ಳಕೆರೆ ಕಡೆಯಿಂದ ಯಶವಂತಪುರಕ್ಕೆ ಲೋಡು. ದಾರಿಯಲ್ಲಿ ಎಲ್ಲೋ ರೀಕಂಡೀಷನ್ ಮಾಡಿದ ಸೆಲ್ಫ್ ಹಾಕಿಸಿದ್ದರು. ಕೀ ತಿರುಗಿಸಿದರೆ ಒಮ್ಮೆ ‘ಟಕ್’, ಇನ್ನೊಮ್ಮೆ ‘ಕಟಕಟಕಟ’. ‘ಅಣ್ಣಾ, ಕೆಳಗೆ ಹೋಗಿ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿದ್ರೆ ಮೆಲ್ಲಗೆ ತಿರುಗ್ತದೆ’ ಅಂದ ಡ್ರೈವರ್.

ಆ ಶಾರ್ಟ್ ಮಾಡುವ ಅಭ್ಯಾಸದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಗಾಡಿ ಗೇರಿನಲ್ಲಿದ್ದರೆ ಸೆಲ್ಫ್ ಒಂದೇ ಸಾಕು, ಲೋಡ್ ಲಾರಿಯನ್ನೂ ಮುಂದಕ್ಕೆ ತಳ್ಳುತ್ತದೆ. ಕೆಳಗಿರುವವನ ಮೇಲೆಯೇ ಚಕ್ರ ಹರಿಯುತ್ತದೆ. ದಯವಿಟ್ಟು ಮಾಡಬೇಡಿ. ನಮ್ಮಲ್ಲಿ ಕೆಲಸಕ್ಕೆ ಇಳಿಯುವ ಮೊದಲು ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರದ ಹಿಂದೆ ಮುಂದೆ ಕಲ್ಲು. ಇಂಜಿನ್ ಸ್ಟಾರ್ಟ್ ಆಗದಂತೆ ಡೀಸೆಲ್ ಕಟ್ ಮಾಡಿಟ್ಟೇ ಕ್ರ್ಯಾಂಕ್ ಮಾಡಿಸುತ್ತೇನೆ, ಅಂದರೆ ಸೆಲ್ಫಿನಿಂದ ಇಂಜಿನ್ ತಿರುಗಿಸಿ ನೋಡುತ್ತೇನೆ. ಸ್ಪ್ಯಾನರ್ ಹಾಕುವುದಿದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ಕಳಚುತ್ತೇನೆ. ಸೆಲ್ಫಿನ ದಪ್ಪ ವೈರಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ತಾಗಿದರೆ ಕೈ ಸುಟ್ಟಂತೆಯೇ.

ಬ್ಯಾಟರಿ ನೋಡಿದೆ, 25.2 ವೋಲ್ಟ್, ಸರಿಯಾಗಿತ್ತು. ಆಮೇಲೆ ಹೆಡ್‌ಲೈಟ್ ಹಾಕಿಸಿ ಕೀ ತಿರುಗಿಸಲು ಹೇಳಿದೆ. ಟಕ್ ಅಂತು, ಲೈಟು ಮಂಕಾಗಲಿಲ್ಲ. ಮೀಟರ್ ಇಲ್ಲದವರೂ ಇದೊಂದನ್ನು ನೋಡಬಹುದು. ಲೈಟು ಪೂರ್ತಿ ಇಳಿದುಹೋದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಅಥವಾ ಇಂಜಿನ್ ಜಾಮ್ ಆಗಿದೆ. ಲೈಟು ಹಾಗೇ ಉರಿಯುತ್ತಿದ್ದರೆ ಸೆಲ್ಫಿನ ಮೋಟರಿಗೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ, ದಾರಿಯಲ್ಲೋ ಸೆಲ್ಫಿನ ಒಳಗಿನ ಪಾಯಿಂಟಿನಲ್ಲೋ ತಡೆ ಇದೆ.

ಸೆಲ್ಫಿನ ಮೇಲೆ ಸೊಲೆನಾಯ್ಡ್ ಇರುತ್ತದೆ, ಕೀ ತಿರುಗಿಸಿದಾಗ ಮೋಟರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚು ಅದು. ಅದರ ಮೇಲೆ 30 ಎಂಬ ದಪ್ಪ ಬೋಲ್ಟಿಗೆ ಬ್ಯಾಟರಿ ವೈರು, 50 ಎಂಬ ಸಣ್ಣ ಬೋಲ್ಟಿಗೆ ಕೀ ಕಡೆಯ ವೈರು. ಕೀ ಹಿಡಿದಿರುವಾಗ 50ರಲ್ಲಿ ಸಿಕ್ಕಿದ್ದು 14 ವೋಲ್ಟ್! ಅದೇ ವೈರನ್ನು ಬಿಚ್ಚಿ ಗಾಳಿಯಲ್ಲಿ ಹಿಡಿದು ನೋಡಿದರೆ 25. ಟೆಸ್ಟ್ ಲ್ಯಾಂಪ್ ಹಾಕಿದರೂ ಚೆನ್ನಾಗಿಯೇ ಉರಿಯುತ್ತದೆ. ಕೊನೆಯ ವಾಲ್ವ್ ಮುಚ್ಚಿಟ್ಟ ಪೈಪಿನಲ್ಲಿ ಒತ್ತಡ ಪೂರ್ತಿ ಇದ್ದಂತೆ ಕಾಣುವುದಿಲ್ಲವೇ, ನೀರು ಬಿಟ್ಟಾಗಲೇ ಒಳಗೆ ಕಸ ಕಟ್ಟಿದ್ದು ಗೊತ್ತಾಗುವುದು. ಇದೂ ಹಾಗೆಯೇ.

14 ಯಾಕೆ ಬಂತು? ಹಳೆಯ ಸೆಲ್ಫ್ ಕ್ಯಾಬಿನ್ನಿನಲ್ಲೇ ಇತ್ತು, ತರಿಸಿ ನೋಡಿದೆ. ಅದರ ಪಕ್ಕದಲ್ಲಿ ಒಂದು ಸಣ್ಣ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು, ಕೂತಿತ್ತು. ಕೀಯಿಂದ ಬರುವ ತೆಳು ವೈರು ಆ ರಿಲೇಯನ್ನು ಮಾತ್ರ ಎಳೆಯುತ್ತಿತ್ತು, ಸೊಲೆನಾಯ್ಡಿಗೆ ಬೇಕಾದ ಭಾರೀ ಕರೆಂಟು ರಿಲೇ ಮೂಲಕ ದಪ್ಪ ವೈರಿನಲ್ಲಿ ಹೋಗುತ್ತಿತ್ತು. ಈಗ ಹಾಕಿದ ಸೆಲ್ಫಿಗೆ ರಿಲೇಯೇ ಇಲ್ಲ. ಬೋಲ್ಟು ಕೂತವು, ಹಲ್ಲು ಹೊಂದಿತು, ಕೀ ವೈರನ್ನು ನೇರ 50ಕ್ಕೆ ಕಟ್ಟಿಬಿಟ್ಟಿದ್ದರು. ಸೊಲೆನಾಯ್ಡಿನೊಳಗೆ ಎರಡು ಕಾಯಿಲ್ ಇರುತ್ತವೆ: ಒಂದು ಪ್ಲಂಜರನ್ನು (ಒಳಗೆ ಜಾರುವ ಕಬ್ಬಿಣದ ಕಡ್ಡಿಯನ್ನು) ಎಳೆಯುವುದು, ಇನ್ನೊಂದು ಎಳೆದ ಮೇಲೆ ಹಿಡಿದುಕೊಳ್ಳುವುದು. ಎಳೆಯುವ ಹೊತ್ತಿಗೆ ಹತ್ತಾರು ಆಂಪಿಯರ್ ಬೇಕು. ಆ ತೆಳು ವೈರು, ಕೀ ಸ್ವಿಚ್ಚಿನ ಸಣ್ಣ ಪಾಯಿಂಟು ಅಷ್ಟನ್ನು ಹೊರಲಾರವು. ಹಿಡಿಯುವ ಕಾಯಿಲಿಗೆ ವೋಲ್ಟೇಜ್ ಸಾಲದೆ ಪ್ಲಂಜರ್ ಬಿಡುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಕಟಕಟ ಸದ್ದು ಅದೇ. ಹೀಗೇ ಓಡಿಸಿದರೆ ಕೀ ಸ್ವಿಚ್ಚೂ ಸುಟ್ಟುಹೋಗುತ್ತದೆ.

ಬೇರೆ ಸ್ಟಾರ್ಟರ್ ರಿಲೇ ತಂದು ಚಾಸಿ ಮೇಲೆ ಕೂರಿಸಿದೆ. ಇಂಜಿನ್ ಮೇಲೆ ಕೂರಿಸಿದರೆ ಅದುರಿ ಅದುರಿ ಕನೆಕ್ಷನ್ ಸಡಿಲವಾಗುತ್ತದೆ. ರಿಲೇಯ 86 ನಂಬರಿನ ಪಿನ್ನಿಗೆ ಕೀ ವೈರು, 85 ಅರ್ಥಿಗೆ (ಚಾಸಿಗೆ), 30ಕ್ಕೆ ಸೆಲ್ಫಿನ ದಪ್ಪ ಬೋಲ್ಟಿನಿಂದ ವೈರು, 87ರಿಂದ ಸೊಲೆನಾಯ್ಡಿನ 50ಕ್ಕೆ. 12 ವೋಲ್ಟಿನ ರಿಲೇಯೂ ನೋಡಲು ಹೀಗೇ ಇರುತ್ತದೆ, 24ಕ್ಕೆ ಹಾಕಿದರೆ ಕಾಯಿಲ್ ಸುಡುತ್ತದೆ. ಮೇಲೆ ಬರೆದಿದ್ದನ್ನು ಓದಿ ತನ್ನಿ.

ಕೀ ತಿರುಗಿಸಿದರೆ ಸೊಲೆನಾಯ್ಡ್ ಗಟ್ಟಿಯಾಗಿ ಹಿಡಿಯಿತು. ಇಂಜಿನ್ ಮಾತ್ರ ಭಾರ ಎಳೆದವರ ಹಾಗೆ ನಿಧಾನಕ್ಕೆ ತಿರುಗಿತು. ಓನರು ಫೋನಿನಲ್ಲಿ ‘ಸೆಲ್ಫ್ ವಾಪಸ್ ಕೊಟ್ಟು ಬೇರೆ ತರಿಸಿ’ ಅಂದರು. ‘ಸ್ವಲ್ಪ ತಡೀರಿ ಸಾಹುಕಾರ್ರೆ’ ಎಂದು ಮತ್ತೆ ಮೀಟರ್ ಹಿಡಿದೆ.

ಕ್ರ್ಯಾಂಕ್ ಮಾಡುತ್ತಿರುವಾಗಲೇ ಬ್ಯಾಟರಿಯ ಎರಡು ತುದಿಯಲ್ಲಿ 23.4 ವೋಲ್ಟ್. ಸೆಲ್ಫಿನ 30ಕ್ಕೂ ಅದರ ಬಾಡಿಗೂ ನಡುವೆ 17.8. ಅಂದರೆ 5.6 ವೋಲ್ಟ್ ದಾರಿಯಲ್ಲಿ ನಷ್ಟ. ಯಾವ ಕಡೆ? ಬ್ಯಾಟರಿ ಪಾಸಿಟಿವ್‌ನಿಂದ 30ಕ್ಕೆ ಮೀಟರಿನ ಎರಡು ಕಡ್ಡಿ ಇಟ್ಟರೆ 0.6, ಬಿಡಿ. ಬ್ಯಾಟರಿ ನೆಗೆಟಿವ್‌ನಿಂದ ಸೆಲ್ಫ್ ಬಾಡಿಗೆ 5 ವೋಲ್ಟ್. ಅದನ್ನೂ ತುಂಡು ತುಂಡಾಗಿ ನೋಡಿದೆ: ನೆಗೆಟಿವ್‌ನಿಂದ ಚಾಸಿಗೆ 0.2, ಚಾಸಿಯಿಂದ ಇಂಜಿನ್ ಬ್ಲಾಕಿಗೆ 4.5, ಬ್ಲಾಕಿನಿಂದ ಸೆಲ್ಫಿಗೆ 0.3. ಕಳ್ಳ ಸಿಕ್ಕಿಬಿದ್ದ.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಚಾಸಿಗೂ ಅದಕ್ಕೂ ನಡುವೆ ಹೆಣೆದ ತಾಮ್ರದ ಒಂದು ಅರ್ಥ್ ಪಟ್ಟಿ ಇರುತ್ತದೆ, ಸೆಲ್ಫಿನ ಅಷ್ಟೂ ಕರೆಂಟು ವಾಪಸ್ ಬರುವುದು ಅದರಲ್ಲೇ. ಚಾಸಿಗೆ ಬಣ್ಣ ಹೊಡೆಸುವಾಗ ಪಟ್ಟಿ ಬಿಚ್ಚಿ, ಆಮೇಲೆ ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದರು. ಬಿಚ್ಚಿ ಮಡಚಿ ನೋಡಿದರೆ ತುದಿಯ ಲಗ್ಗಿನ (ಬೋಲ್ಟ್ ತೂರಿಸುವ ಬಳೆಯ) ಬುಡದಲ್ಲಿ ತಾಮ್ರದ ಎಳೆಗಳು ಹಸಿರುಗಟ್ಟಿ ಪುಡಿಪುಡಿ, ಬೆರಳಿಗೆ ಅಂಟುವಂತಿದ್ದವು. ಇನ್ನೂ ಬಿಟ್ಟಿದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲನ್ನೋ ಬೇರೆ ಯಾವುದನ್ನೋ ದಾರಿ ಮಾಡಿಕೊಂಡು ಅದನ್ನು ಸುಡುತ್ತಿತ್ತು.

70 ಸ್ಕ್ವೇರ್ ಎಂಎಂ ಕೇಬಲ್ಲಿಗೆ ಎರಡೂ ಕಡೆ ಲಗ್ ಒತ್ತಿಸಿದೆ. ಚಾಸಿಯ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದೆ, ಬ್ಲಾಕಿನ ಕಡೆಯೂ ಉಪ್ಪುಕಾಗದ ಹಾಕಿದೆ. ಸ್ಟಾರ್ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಮತ್ತೆ ಅಳೆದರೆ ನೆಗೆಟಿವ್ ಕಡೆಯ ನಷ್ಟ ಒಟ್ಟು 0.6. 24 ವೋಲ್ಟಿನ ಗಾಡಿಯಲ್ಲಿ ಒಂದೊಂದು ಕಡೆ 1 ವೋಲ್ಟ್ ದಾಟಿದರೆ ನಾನು ಬಿಡುವುದಿಲ್ಲ. ಡೀಸೆಲ್ ಬಿಟ್ಟು ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿಯಿತು.

ಹಳೆಯ ಸೆಲ್ಫನ್ನು ಕುತೂಹಲಕ್ಕೆ ಬಿಚ್ಚಿದೆ. ಕಾರ್ಬನ್ ಬ್ರಷ್ ಇನ್ನೂ ಉದ್ದ ಇದ್ದವು, ಆರ್ಮೇಚರ್ ಚೆನ್ನಾಗಿತ್ತು. ಸೊಲೆನಾಯ್ಡಿನ ಒಳಗೆ ಎರಡು ಬೋಲ್ಟಿನ ತಲೆಗೆ ತಾಗಿ ಕರೆಂಟು ಹಾಯಿಸುವ ತಾಮ್ರದ ಬಿಲ್ಲೆ ಮಾತ್ರ ಕಪ್ಪಾಗಿ ಗುಳಿ ಬಿದ್ದಿತ್ತು, ಕಡಿಮೆ ವೋಲ್ಟೇಜಿನಲ್ಲಿ ಕಚ್ಚಿ ಬಿಟ್ಟು ಮಾಡಿದ್ದರ ಗುರುತು. ಬಿಲ್ಲೆ ಮಗುಚಿ ಹಾಕಿ, ಬೋಲ್ಟಿನ ತಲೆ ಉಜ್ಜಿ ಕೊಟ್ಟೆ. ಓನರು ಅದನ್ನು ಸ್ಪೇರ್ ಅಂತ ಗಾಡಿಯಲ್ಲೇ ಇಟ್ಟುಕೊಂಡಿದ್ದಾರೆ.