ಜಂಬೊ ಫ್ರೇಮ್ ಹಾಕುವ ಮುನ್ನ ಬಫರ್ ನೋಡಿ

ಲಿನಕ್ಸ್‌ನ ಕೆವಿಎಂ ತಂತ್ರಾಂಶದಡಿ ಓಡುವ ವರ್ಚುವಲ್ ಮಷೀನಿಗೆ (ಗೆಸ್ಟ್) ಜಂಬೊ ಫ್ರೇಮ್, ಅಂದರೆ ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್, ಬೇಕಾದಾಗ ಹಲವರು ಗೆಸ್ಟ್ ಒಳಗೆ ಎಂಟಿಯುವನ್ನು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1500ರಿಂದ 9000ಕ್ಕೆ ಏರಿಸಿ, ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ಸಣ್ಣ ಪಿಂಗ್‌ಗೆ ಉತ್ತರ ಬರುತ್ತದೆ, ದೊಡ್ಡ ಕಡತ ತರಿಸಿಕೊಳ್ಳುವಾಗ ಸಂಪರ್ಕ ನಿಂತುಹೋಗುತ್ತದೆ. ಆಮೇಲೆ ದೋಷವನ್ನು ಸ್ವಿಚ್‌ನಲ್ಲಿ ಹುಡುಕುತ್ತಾ ದಿನ ಕಳೆಯುವವರನ್ನು ನಾನು ಬಹಳ ಕಂಡಿದ್ದೇನೆ.

ಮೊದಲ ಹಂತ ಸುಲಭ: ಸ್ವಿಚ್, ಹೋಸ್ಟ್‌ನ (ಗೆಸ್ಟನ್ನು ಓಡಿಸುವ ಯಂತ್ರದ) ನೆಟ್‌ವರ್ಕ್ ಕಾರ್ಡ್, ಆ ಕಾರ್ಡಿಗೆ ಗೆಸ್ಟನ್ನು ಜೋಡಿಸುವ ಬ್ರಿಜ್, ಟ್ಯಾಪ್ ಎಲ್ಲದಕ್ಕೂ 9000 ಕೊಡಿ.

ಎರಡನೆಯ ಹಂತದಲ್ಲೇ ಎಡವುವುದು. ಬರುವ ಪ್ಯಾಕೆಟ್‌ಗಳಿಗಾಗಿ ಗೆಸ್ಟ್‌ನ ವರ್ಟ್‌ಐಒ (ವರ್ಚುವಲ್ ನೆಟ್‌ವರ್ಕ್ ಕಾರ್ಡ್) ಡ್ರೈವರ್ ಮೊದಲೇ ಬಫರ್‌ಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ತೆಗೆದಿಡುತ್ತದೆ. ಬಫರ್‌ಗಳನ್ನು ಕೂಡಿಸಿ ಬಳಸುವ ಮರ್ಜಬಲ್ ಬಫರ್ ಸೌಲಭ್ಯವೂ ದೊಡ್ಡ ಪ್ಯಾಕೆಟ್ ಸ್ವೀಕರಿಸುವ ಟಿಎಸ್ಒ ಸೌಲಭ್ಯವೂ ಇಲ್ಲದಿದ್ದರೆ, ವರ್ಟ್‌ಐಒ ನಿಯಮದಂತೆ ಕನಿಷ್ಠ ಬಫರ್ 1526 ಬೈಟ್, ಅಂದರೆ 1514 ಬೈಟ್‌ಗಳ ಫ್ರೇಮ್ (1500ರ ಜೊತೆ 14 ಬೈಟ್‌ಗಳ ಈಥರ್ನೆಟ್ ಹೆಡರ್) ಮತ್ತು 12 ಬೈಟ್‌ಗಳ ವರ್ಟ್‌ಐಒ ಹೆಡರ್; ಅದರಲ್ಲಿ 9014 ಬೈಟ್‌ಗಳ ಫ್ರೇಮ್ ಹಿಡಿಸುವುದಿಲ್ಲ. ಟಿಎಸ್ಒ ಮಾತ್ರ ಇದ್ದರೆ ಪ್ರತಿ ಬಫರ್ 65562 ಬೈಟ್ ಇರಬೇಕು. ಪ್ಯಾಕೆಟ್ ಹಿಡಿಸುತ್ತದೆ, ಆದರೆ 60 ಬೈಟ್‌ಗಳ ಪ್ಯಾಕೆಟ್‌ಗೂ ಅಷ್ಟೇ ಜಾಗ ಕಾದಿರಿಸಿದಂತಾಗುತ್ತದೆ. ಮರ್ಜಬಲ್ ಬಫರ್ ಇದ್ದಲ್ಲಿ ಒಂದೇ ಪ್ಯಾಕೆಟ್ ಹಲವು ಬಫರ್‌ಗಳಲ್ಲಿ ಹರಡಿಕೊಳ್ಳುತ್ತದೆ. 1526 ಬೈಟ್‌ಗಳ ಬಫರ್‌ಗಳಾದರೂ ಜಂಬೊ ಫ್ರೇಮಿಗೆ ಆರು ಸಾಕು. ಮರ್ಜಬಲ್ ಬಫರನ್ನೇ ಬಳಸಿ, ಬೇರೆ ದಾರಿ ಬೇಡ. ಗೆಸ್ಟ್‌ನ ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳ ವಿವರ ತೋರಿಸುವ /sys ಕಡತಕೋಶ) ಆ ವರ್ಟ್‌ಐಒ ಸಾಧನದ ‘ಫೀಚರ್ಸ್’ ಕಡತ ತೆರೆದರೆ ಸೊನ್ನೆ–ಒಂದುಗಳ ಸಾಲು ಕಾಣುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಮರ್ಜಬಲ್ ಬಫರಿನ 15ನೆಯ ಬಿಟ್ ಎಡದಿಂದ 16ನೆಯ ಅಂಕಿ; ಅಲ್ಲಿ 1 ಇರಬೇಕು.

ರಿಂಗ್ (ಬಫರ್‌ಗಳ ಸರದಿ) ಗಾತ್ರವನ್ನು 256ರಿಂದ 1024ಕ್ಕೆ ಏರಿಸಿ ಪರಿಹಾರವೆನ್ನುವವರಿದ್ದಾರೆ. ಅದರಿಂದ ಸರದಿಯ ಜಾಗಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಬಫರಿನ ಅಳತೆಯಲ್ಲ. ಹಳೆಯ ಆರ್‌ಟಿಎಲ್8139 ನೆಟ್‌ವರ್ಕ್ ಕಾರ್ಡಿನ ಅನುಕರಣೆಗೆ ಹಿಂತಿರುಗುವುದಂತೂ ಬೇಡವೇ ಬೇಡ.

ಮೂರನೆಯದಾಗಿ, ವರ್ಚುವಲ್ ಮಷೀನುಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಆ ಮಷೀನಿನ ಇಂಟರ್‌ಫೇಸ್ ವಿವರಣೆಗೇ ಎಂಟಿಯು 9000 ಸೇರಿಸಿ, ಡ್ರೈವರ್ ಏಳುವಾಗಲೇ ಅದಕ್ಕೆ ಮಿತಿ ತಿಳಿಯಲಿ. ಗೆಸ್ಟ್ ಒಳಗಿನಿಂದ ರೀಬೂಟ್ ಮಾಡಿದರೆ ಹೋಸ್ಟ್‌ನ ಹಳೆಯ ಪ್ರಕ್ರಿಯೆಯೇ ಮುಂದುವರಿಯುವುದರಿಂದ, ಮಷೀನನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಬೇಕು.

ಕೊನೆಗೆ ತುಂಡರಿಸದ ಪಿಂಗ್ ಕಳಿಸಿ, ದತ್ತಾಂಶ 8972 ಬೈಟ್ ಇರಲಿ; ಐಪಿ ಮತ್ತು ಐಸಿಎಂಪಿ (ಪಿಂಗ್ ಬಳಸುವ ನಿಯಮಾವಳಿ) ಹೆಡರ್‌ಗಳ 28 ಸೇರಿ 9000 ಆಗುತ್ತದೆ. ಬಫರಿನ ಮಿತಿ ಸ್ವೀಕರಿಸುವ ಕಡೆಯದಾದ್ದರಿಂದ ಈ ಪಿಂಗನ್ನು ಹೊರಗಿನ ಯಂತ್ರದಿಂದ ಗೆಸ್ಟ್ ಕಡೆಗೂ ಕಳಿಸಿ ನೋಡಿ.