ಹಿಮಗಾಲಕ್ಕೆ ದಾರಿ ಬಿಡಿಸಿಡುವುದು

ಬಾಸ್ಟನ್ ನಗರದ ರಾಸ್ಲಿಂಡೇಲ್‌ನಲ್ಲಿ ನಾವು ಸಂಸಾರ ಹೂಡಿ ಮೂವತ್ತು ವರ್ಷ ದಾಟಿತು. ಇಲ್ಲಿ ಕಳೆದ ಚಳಿಗಾಲಗಳಲ್ಲೆಲ್ಲ 2014–15ರದು ನನ್ನ ಮನಸ್ಸಿನಲ್ಲಿ ಬೇರೆಯಾಗಿಯೇ ಉಳಿದಿದೆ. ಆ ಸಲ ಊರಿಗೆ ಒಟ್ಟು 110.6 ಇಂಚು, ಎಂದರೆ ಒಂಬತ್ತು ಅಡಿಗೂ ಹೆಚ್ಚು, ಹಿಮ ಬಿದ್ದು, 1995–96ರ 107.6 ಇಂಚಿನ ಹಳೆಯ ದಾಖಲೆ ಮುರಿಯಿತು. ಡಿಸೆಂಬರ್ ತಿಂಗಳು ಹೆಚ್ಚುಕಡಿಮೆ ಬರಿದಾಗಿಯೇ ಕಳೆದಿತ್ತು. ಜನವರಿಯ ಕೊನೆಯ ವಾರದಿಂದ ಹಿಡಿದುಕೊಂಡದ್ದು ಬಿಡಲಿಲ್ಲ, ಫೆಬ್ರವರಿ ಒಂದರಲ್ಲೇ 64.8 ಇಂಚು ಸುರಿಯಿತು. ಮೊದಲು ಬಿದ್ದದ್ದು ಕರಗುವ ಮುನ್ನವೇ ಅದರ ಮೇಲೆ ಮತ್ತೊಂದು ಬಿದ್ದಾಗ ಮನೆ ನಡೆಸುವವರಿಗೆ ಯಾವ ಕಷ್ಟ ಬರುತ್ತದೆ ಎಂಬುದನ್ನು ಆಗ ಕಂಡೆ. ಪ್ರತಿವರ್ಷ ಕರ್ನಾಟಕದಿಂದ ಹೊಸದಾಗಿ ಬರುವ ಮಕ್ಕಳು ಮೊದಲ ಹಿಮದ ಸುದ್ದಿ ಕೇಳಿದೊಡನೆ ಫೋನ್ ಮಾಡಿ, "ಆಂಟಿ, ಏನೇನು ತಂದಿಟ್ಟುಕೊಳ್ಳಬೇಕು?" ಎಂದು ಕೇಳುತ್ತಾರೆ. ತರುವುದು ಸುಲಭದ ಕೆಲಸ. ನಾನು ಹೇಳಬೇಕೆಂದಿರುವುದು ಬೇರೆ.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿಯುವ ಮೊದಲು ಅಮ್ಮ ಸೌದೆ, ಹಪ್ಪಳ, ಸಂಡಿಗೆ ಎಲ್ಲವನ್ನೂ ಜೋಡಿಸಿಡುತ್ತಿದ್ದರು. ಆದರೆ ಅದಕ್ಕೂ ಮೊದಲು ಆಳುಗಳನ್ನು ಕರೆಸಿ ಅಂಗಳದ ಕಾಲುವೆ, ಹಿತ್ತಲಿನ ಚರಂಡಿ ಬಿಡಿಸುತ್ತಿದ್ದರು. ನೀರಿಗೆ ದಾರಿ ಇಲ್ಲದಿದ್ದರೆ ಅದು ಮನೆಯೊಳಗೇ ದಾರಿ ಮಾಡಿಕೊಳ್ಳುತ್ತದೆ ಎನ್ನುತ್ತಿದ್ದರು. ಇಲ್ಲಿಯೂ ಅದೇ ಲೆಕ್ಕ. ಚಳಿ ಎಂದೊಡನೆ ಕಿಟಕಿ ಬಾಗಿಲು ಮುಚ್ಚುವುದನ್ನೇ ಎಲ್ಲರೂ ಯೋಚಿಸುತ್ತೇವೆ. ಆದರೆ ದೊಡ್ಡ ಹಿಮದಲ್ಲಿ ಅನಾಹುತವಾಗುವುದು ಮುಚ್ಚಬಾರದ್ದು ಮುಚ್ಚಿಹೋದಾಗ. ಬಾಗಿಲು, ಹೊಗೆನಳಿಕೆ, ಕಾರಿನ ಹೊಗೆಕೊಳವೆ, ಸೂರಿನ ಅಂಚು, ಬೀದಿಯ ಚರಂಡಿ, ಬೆಂಕಿ ಆರಿಸುವವರ ನೀರಿನ ಕೊಳಾಯಿ, ಇವು ತೆರೆದಿರುವಂತೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

2015ರ ಜನವರಿ 26 ರಥಸಪ್ತಮಿ. ಊರಿನಿಂದ ತಂದು ಒಣಗಿಸಿಟ್ಟಿದ್ದ ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡಿದ್ದೆವು. ಅದೇ ಸಂಜೆಯಿಂದ ಹಿಮಬಿರುಗಾಳಿ ಹಿಡಿಯಿತು. ನಡುರಾತ್ರಿಯಿಂದ ರಾಜ್ಯದ ರಸ್ತೆಗಳಲ್ಲಿ ವಾಹನ ಓಡಿಸುವುದನ್ನು ನಿಷೇಧಿಸಿದರು. ಅದು ನಿಲ್ಲುವ ಹೊತ್ತಿಗೆ ನಗರದಲ್ಲಿ 24.6 ಇಂಚು ಬಿದ್ದಿತ್ತು. ಬಿರುಗಾಳಿ ಕಳೆದ ಬೆಳಿಗ್ಗೆ ಬಾಗಿಲು ತೆರೆದಾಗ ಕಂಡದ್ದನ್ನು ನಾನು ಮರೆತಿಲ್ಲ. ಕಾರುಗಳು ಕಾಣಿಸುತ್ತಿರಲಿಲ್ಲ, ಅವುಗಳಿದ್ದ ಜಾಗದಲ್ಲಿ ಹಿಂಜಿದ ಹತ್ತಿಯ ಗುಡ್ಡೆಗಳಂತಹ ಉಬ್ಬುಗಳಿದ್ದವು. ಬೇಲಿಯ ಒಂದೊಂದು ಗೂಟಕ್ಕೂ ಒಂದೊಂದು ಬಿಳಿಯ ಟೊಪ್ಪಿಗೆ. ನೆರಳುಗಳು ಕಪ್ಪಗಿರದೆ ತಿಳಿನೀಲಿಯಾಗಿದ್ದವು. ಪಕ್ಕದ ಮನೆಯ ಬೋಳು ಮೇಪಲ್ ಮರದಲ್ಲಿ ಕೆಂಪು ಕಾರ್ಡಿನಲ್ ಹಕ್ಕಿಯೊಂದು ಬಂದು ಕುಳಿತಾಗ, ಹಾಲಿನ ಬಟ್ಟಲಿಗೆ ಕುಂಕುಮದ ಚಿಟಿಕೆ ಬಿದ್ದ ಹಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಮೌನ! ಹೊಸ ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಶಬ್ದವನ್ನು ಹೀರಿಕೊಳ್ಳುತ್ತದೆ. ಅಷ್ಟು ದೊಡ್ಡ ನಗರದಲ್ಲಿ ನಮ್ಮ ಉಸಿರು ನಮಗೇ ಕೇಳುತ್ತದೆ. ಹಿಮ ಎತ್ತುವ ಗಾಡಿಗಳು ಬಂದರೆ ಇದೆಲ್ಲ ಒಂದು ಗಂಟೆಯಲ್ಲಿ ಕಂದುಬಣ್ಣದ ರಾಡಿಯಾಗುತ್ತದೆ. ಆದ್ದರಿಂದ ಸಲಿಕೆ ಹಿಡಿಯುವ ಮೊದಲು ಹತ್ತು ನಿಮಿಷ ಮಕ್ಕಳನ್ನೂ ಎಬ್ಬಿಸಿ ಕರೆತಂದು ಸುಮ್ಮನೆ ನಿಂತು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿಸಿಲಿದ್ದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಬಹುಪಾಲನ್ನು ಮೇಲಕ್ಕೇ ಎಸೆಯುವುದರಿಂದ ಕಣ್ಣು ಉರಿದು ನೀರು ಸುರಿಯುತ್ತದೆ.

ಇನ್ನು ಬಾಗಿಲಿನ ವಿಷಯ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮುಖ್ಯ ಬಾಗಿಲಿನ ಹೊರಗೆ ಗಾಳಿ, ಹಿಮ ತಡೆಯಲು ಇನ್ನೊಂದು ಹಗುರ ಬಾಗಿಲಿರುತ್ತದೆ, ಅದು ಹೊರಕ್ಕೆ ತೆರೆಯುತ್ತದೆ. ಗಾಳಿ ತಂದು ರಾಶಿ ಹಾಕಿದ ಹಿಮ ಅದಕ್ಕೆ ಒತ್ತಿಕೊಂಡರೆ ಒಳಗಿನಿಂದ ಎಷ್ಟು ತಳ್ಳಿದರೂ ಜಗ್ಗುವುದಿಲ್ಲ. ಆದ್ದರಿಂದ ಹಿಮ ಬೀಳುತ್ತಿರುವಾಗಲೇ ಎರಡು ಮೂರು ಗಂಟೆಗೊಮ್ಮೆ ಬಾಗಿಲು ತೆರೆದು, ಹೊಸ್ತಿಲ ಮುಂದಿನದನ್ನು ಗುಡಿಸಿಹಾಕಿ. ಒಂದು ಸಲಿಕೆಯನ್ನು ಕಡ್ಡಾಯವಾಗಿ ಮನೆಯ ಒಳಗೇ ಇಟ್ಟುಕೊಳ್ಳಿ. ಹೊರಗಿನ ಗೂಡಿನಲ್ಲಿಟ್ಟ ಸಲಿಕೆಯನ್ನು ತಲುಪಲು ಮತ್ತೊಂದು ಸಲಿಕೆ ಬೇಕಾಗುತ್ತದೆ.

ಮುಂದೆ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಮನೆ ಬೆಚ್ಚಗಿಡುವ ಫರ್ನೇಸ್, ಬಾಯ್ಲರ್‌ಗಳ ಹೊಗೆನಳಿಕೆ ಎಷ್ಟೋ ಮನೆಗಳಲ್ಲಿ ಗೋಡೆಯ ಪಕ್ಕದಲ್ಲಿ, ನೆಲದಿಂದ ಒಂದೆರಡು ಅಡಿ ಮೇಲೆ ಹೊರಕ್ಕೆ ಬಂದಿರುತ್ತದೆ. ಅದು ಹೂತುಹೋದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. 2005ರ ಜನವರಿಯ ದೊಡ್ಡ ಹಿಮದಲ್ಲಿ ಇದೇ ರಾಜ್ಯದ ಪ್ಲಿಮತ್ ಊರಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹೀಗೆಯೇ ತೀರಿಕೊಂಡಳು. ಆ ಮಗುವಿನ ಹೆಸರಿನಲ್ಲಿ ಬಂದ ಕಾನೂನಿನಿಂದಾಗಿ 2006ರಿಂದ ಮ್ಯಾಸಚೂಸೆಟ್ಸ್‌ನ ಮನೆಗಳಲ್ಲಿ ಇದನ್ನು ಪತ್ತೆಹಚ್ಚುವ ಅಲಾರಂ ಕಡ್ಡಾಯವಾಯಿತು. 2013ರ ಫೆಬ್ರವರಿಯ ಬಿರುಗಾಳಿಯಲ್ಲಿ ನಮ್ಮ ಬಾಸ್ಟನ್ನಿನಲ್ಲೇ, ಅಪ್ಪ ಹಿಮ ಎತ್ತುತ್ತಿದ್ದಾಗ ಬೆಚ್ಚಗಿರಲೆಂದು ಚಾಲೂ ಇದ್ದ ಕಾರಿನೊಳಗೆ ಕುಳಿತ ಬಾಲಕ, ಹೊಗೆಕೊಳವೆ ಹಿಮದಿಂದ ಮುಚ್ಚಿದ್ದ ಕಾರಣ ಪ್ರಾಣ ಕಳೆದುಕೊಂಡ. ಆದ್ದರಿಂದ ಮನೆಯ ಹೊಗೆನಳಿಕೆ ಎಲ್ಲಿದೆ ಎಂಬುದನ್ನು ಶರತ್ಕಾಲದಲ್ಲೇ ನೋಡಿಟ್ಟುಕೊಂಡು, ಪಕ್ಕದಲ್ಲಿ ಎತ್ತರದ ಕೋಲೊಂದನ್ನು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಹಿಮದಲ್ಲಿ ಹುಡುಕುವುದು ಸುಲಭವಾಗುತ್ತದೆ. ಹೊರಗೆ ಹೋದಾಗ ಮೊದಲು ಅದನ್ನು ಬಿಡಿಸಿ, ಮಿಕ್ಕದ್ದೆಲ್ಲ ಆಮೇಲೆ. ಕಾರನ್ನು ಚಾಲೂ ಮಾಡುವ ಮೊದಲು ಅದರ ಹೊಗೆಕೊಳವೆಯನ್ನು ಬಿಡಿಸಿ. ಕರೆಂಟು ಹೋಗಿ ಚಳಿಯಾದರೂ ಗ್ಯಾಸ್ ಅವನ್ ಹಚ್ಚಿಟ್ಟು ಕೋಣೆ ಬೆಚ್ಚಗೆ ಮಾಡಲು ಹೋಗಬೇಡಿ, ಇದ್ದಿಲ ಒಲೆಯನ್ನಂತೂ ಒಳಗೆ ತರಲೇಬೇಡಿ.

ಹಿಮ ಎತ್ತುವುದು ಕೂಡ ಕಲಿಯಬೇಕಾದ ಕೆಲಸ. ಎಲ್ಲ ನಿಂತ ಮೇಲೆ ಒಟ್ಟಿಗೆ ಎತ್ತೋಣ ಎಂದು ಕಾಯುವುದು ತಪ್ಪು. ನಾಲ್ಕಾರು ಇಂಚು ಬಿದ್ದಾಗಲೆಲ್ಲ ತಳ್ಳಿದರೆ ಅದು ಹಗುರವಾಗಿರುತ್ತದೆ. ಒದ್ದೆಯಾಗಿ ಕೂತ ಹಿಮದ ಒಂದು ತುಂಬು ಸಲಿಕೆ ಎಂಟು ಹತ್ತು ಕಿಲೋ ತೂಗುವುದುಂಟು. ಸಲಿಕೆಗೆ ಅಡುಗೆ ಎಣ್ಣೆ ಸವರಿಕೊಂಡರೆ ಹಿಮ ಅಂಟುವುದಿಲ್ಲ. ಸೊಂಟ ತಿರುಚಿ ಹಿಂದಕ್ಕೆ ಎಸೆಯಬೇಡಿ. ಮಂಡಿ ಬಗ್ಗಿಸಿ, ಆದಷ್ಟು ತಳ್ಳಿ, ಎತ್ತಲೇಬೇಕಾದರೆ ಅರ್ಧ ಸಲಿಕೆ ಎತ್ತಿ. ಚಳಿಯಲ್ಲಿ ರಕ್ತನಾಳಗಳು ಬಿಗಿದುಕೊಂಡಿರುವಾಗ ಇದ್ದಕ್ಕಿದ್ದಂತೆ ಇಂತಹ ಭಾರದ ಕೆಲಸ ಹಿಡಿದರೆ ಹೃದಯಾಘಾತವಾಗುವ ಅಪಾಯವಿದೆ. ನಮ್ಮ ಕಡೆಯವರಿಗೆ ಹೃದಯದ ತೊಂದರೆ ಚಿಕ್ಕ ವಯಸ್ಸಿಗೇ ಬರುವುದರಿಂದ, ಬಿಪಿ, ಸಕ್ಕರೆ ಕಾಯಿಲೆ ಇರುವ ನಲವತ್ತು ದಾಟಿದ ಗಂಡಸರು ಹಟ ಮಾಡದೆ ಪಕ್ಕದ ಹುಡುಗರಿಗೆ ದುಡ್ಡು ಕೊಟ್ಟು ಮಾಡಿಸುವುದು ಒಳ್ಳೆಯದು. ಬಾಸ್ಟನ್ನಿನ ನಿಯಮದಂತೆ ಹಿಮ ನಿಂತ ಮೂರು ಗಂಟೆಯೊಳಗೆ, ರಾತ್ರಿ ನಿಂತಿದ್ದರೆ ಸೂರ್ಯ ಹುಟ್ಟಿದ ಮೂರು ಗಂಟೆಯೊಳಗೆ, ಮನೆಯ ಮುಂದಿನ ಕಾಲುದಾರಿಯನ್ನು ಕನಿಷ್ಠ 42 ಇಂಚು ಅಗಲ ಬಿಡಿಸಬೇಕು. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೋಗಲು ಅಷ್ಟಗಲ ಬೇಕು. ಮನೆಯ ಹತ್ತಿರ ಬೆಂಕಿ ಆರಿಸುವವರ ಕೊಳಾಯಿಯಿದ್ದರೆ ಅದರ ಸುತ್ತಲೂ ಬಿಡಿಸಿ. ಅದು ಯಾರ ಕೆಲಸ ಎಂದು ಕೇಳುತ್ತ ಕೂರಬೇಡಿ.

ಉಪ್ಪು ಹಾಕುವುದರಲ್ಲಿ ನಾನು ಕಾಣುವ ತಪ್ಪೆಂದರೆ, ಹಿಮ ಎತ್ತದೆ ಅದರ ಮೇಲೆಯೇ ಬೊಗಸೆ ಬೊಗಸೆ ಎರಚುವುದು. ಉಪ್ಪು ಕೆಲಸ ಮಾಡುವುದು ನೆಲಕ್ಕೆ ಅಂಟಿದ ತೆಳು ಮಂಜುಗಡ್ಡೆಯ ಮೇಲೆ. ಸಾಧಾರಣ ಕಲ್ಲುಪ್ಪು ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದ ಮೇಲೆ ಅಷ್ಟಾಗಿ ಕರಗಿಸುವುದಿಲ್ಲ. ಅದಕ್ಕಿಂತ ಹೆಚ್ಚಿನ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಕಾಲು ಜಾರದಂತೆ ಮರಳು ಎರಚಿದರೂ ಸಾಕು. ಬೂಟಿನ ಜೊತೆ ಒಳಗೆ ಬಂದ ಉಪ್ಪು ಮರದ ನೆಲದ ಮೇಲೆ ಬಿಳಿಯ ಕಲೆ ಬಿಡುತ್ತದೆ. ಬೆಚ್ಚಗಿನ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಹೋಗುತ್ತದೆ. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಇಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ. ಬಾಗಿಲ ಬಳಿ ಅಂಚಿರುವ ಅಗಲದ ತಟ್ಟೆಯೊಂದನ್ನಿಟ್ಟು ಬೂಟುಗಳನ್ನು ಅದರಲ್ಲೇ ಬಿಡಿಸಿ.

ಸೂರಿನ ಪಾಠವನ್ನು ನಾವು ನಷ್ಟ ಮಾಡಿಕೊಂಡು ಕಲಿತೆವು. ಅಟ್ಟದೊಳಗಿನ ಶಾಖ ಸೋರಿ ಮೇಲಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಇಳಿದು ಚಳಿಯಿರುವ ಸೂರಿನ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಂದು ಒಡ್ಡಿನಂತಾಗುತ್ತದೆ. ಅದರ ಹಿಂದೆ ನಿಂತ ನೀರು ಹೊದಿಕೆಯ ಸಂದಿಯಿಂದ ಒಳಗೆ ಇಳಿಯುತ್ತದೆ. ಅಂಚಿನಿಂದ ನೇತಾಡುವ ಉದ್ದುದ್ದನೆಯ ಹಿಮಗೋಲುಗಳು ನೋಡಲು ಬಲು ಚೆಂದ, ಆದರೆ ಅವು ಈ ಒಡ್ಡಿನ ಗುರುತು. 2015ರ ಫೆಬ್ರವರಿಯ ಒಂದು ಸಂಜೆ ದೀಪ ಹಚ್ಚಲು ಹೋದಾಗ ದೇವರ ಗೂಡಿನ ಹಿಂದಿನ ಗೋಡೆಯ ಬಣ್ಣ ಗುಳ್ಳೆಯಾಗಿ ಉಬ್ಬಿತ್ತು. ಬೆರಳು ತಾಗಿಸಿದೊಡನೆ ಒಡೆದು ನೀರು ಸುರಿಯಿತು. ಅವಸರದಲ್ಲಿ ಕರೆಸಿದ ಕೆಲಸದವನು ಕೊಡಲಿಯಿಂದ ಒಡೆಯಲು ಹೋಗಿ ಸೂರಿನ ಹೊದಿಕೆಯನ್ನೇ ಸೀಳಿದ. ಹಾಗೆ ಒಡೆಸಬೇಡಿ. ಹಳೆಯ ನೈಲಾನ್ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಒಡ್ಡಿಗೆ ಅಡ್ಡಲಾಗಿ, ತುದಿ ಅಂಚಿನಿಂದ ಹೊರಬರುವಂತೆ ಇಟ್ಟರೆ, ಅದು ಕರಗಿಸಿಕೊಂಡು ಹೋಗಿ ನೀರು ಇಳಿಯಲು ಕಾಲುವೆ ಮಾಡುತ್ತದೆ. ಇದನ್ನು ನನಗೆ ಕಲಿಸಿದವರು ಎದುರು ಮನೆಯ ಐರಿಷ್ ಅಜ್ಜಿ. ಮುಂದಿನ ಸಲಕ್ಕೆ, ನೆಲದ ಮೇಲೆ ನಿಂತೇ ಎಳೆಯುವ ಉದ್ದ ಹಿಡಿಯ ಹಿಮದ ಕುಂಟೆ ಕೊಂಡು, ಬಿದ್ದ ದಿನವೇ ಅಂಚಿನ ಮೂರು ನಾಲ್ಕು ಅಡಿಯನ್ನು ಕೆಳಕ್ಕೆ ಎಳೆದುಬಿಡಿ. ಬೇಸಿಗೆಯಲ್ಲಿ ಅಟ್ಟದ ಸಂದುಗಳನ್ನು ಮುಚ್ಚಿಸಿ.

ಕಡುಚಳಿಯ ರಾತ್ರಿ ನೀರಿನ ಕೊಳವೆ ಒಡೆಯದಿರಲು ಹೊರಗೋಡೆಯ ಪಕ್ಕದ ನಲ್ಲಿಯನ್ನು ದಾರದಷ್ಟು ಹರಿಯಲು ಬಿಡಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಊರಿಗೆ ಹೋಗುವಾಗಲೂ ಮನೆಯ ಶಾಖವನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಸಬೇಡಿ.

ಅಡುಗೆಮನೆಗೆ ಬಂದರೆ, 24 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುವ ಕೊಬ್ಬರಿಎಣ್ಣೆ ಏಪ್ರಿಲ್‌ವರೆಗೂ ಗಟ್ಟಿಯಾಗಿಯೇ ಇರುತ್ತದೆ. ಬಾಯಿ ಅಗಲವಾದ ಶೀಸೆಯಲ್ಲಿಟ್ಟುಕೊಂಡರೆ ಚಮಚದಲ್ಲಿ ತೆಗೆಯಬಹುದು. ದೋಸೆಹಿಟ್ಟು ಹುಳಿ ಬರುವುದಿಲ್ಲ, ಮೊಸರು ಹೆಪ್ಪಾಗುವುದಿಲ್ಲ ಎಂದು ಹೊಸಬರು ಕೊರಗುತ್ತಾರೆ. ಅವನ್ ಹಚ್ಚದೆ ಅದರ ಒಳದೀಪವನ್ನಷ್ಟೇ ಉರಿಸಿ ಪಾತ್ರೆಯನ್ನು ರಾತ್ರಿಯಿಡೀ ಒಳಗಿಡಿ. ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ, ಮೊಸರು ಕೊಯ್ಯುವಂತೆ ಕೂತಿರುತ್ತದೆ. ಅವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಮರೆತು ಬಿಸಿಮಾಡಿದರೆ ಎಲ್ಲವೂ ಹಾಳು. ಆ ಫೆಬ್ರವರಿಯಲ್ಲಿ ರೈಲುಗಳೇ ನಿಂತುಹೋಗಿದ್ದ ದಿನಗಳಿದ್ದವು. ಆಗ ನಮ್ಮನ್ನು ಕಾಪಾಡಿದ್ದು ಹುರುಳಿ, ಅವಲಕ್ಕಿ, ಚಟ್ನಿಪುಡಿ, ಮೆಣಸಿನ ಸಾರು. ಒಂದು ವಾರದ ಬೇಳೆ, ಅಕ್ಕಿ, ಹಾಲಿನ ಪುಡಿ, ಹದಿನೈದು ದಿನದ ಮಾತ್ರೆಗಳು ಮನೆಯಲ್ಲಿದ್ದರೆ ಹಿಮದ ಮುನ್ನಾದಿನ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಊರಿನಿಂದ ಬಂದ ಅಪ್ಪ ಅಮ್ಮಂದಿರು ಮನೆಯಲ್ಲಿದ್ದರೆ ಅವರ ಕಾಲುಗಳ ಕಡೆ ಗಮನವಿರಲಿ. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಶಾಖವನ್ನು ಎಳೆದುಬಿಡುತ್ತದೆ, ಆದ್ದರಿಂದ ಸೀರೆಯ ಒಳಗೆ ಉಣ್ಣೆಯ ಒಳಉಡುಪು, ಉಣ್ಣೆಯ ಕಾಲುಚೀಲ ಹಾಕಿಸಿ. ಹೊರಗೆ ಕರೆದೊಯ್ಯುವಾಗ ಪಾದವನ್ನು ಪೂರ್ತಿ ಊರಿ ಚಿಕ್ಕ ಹೆಜ್ಜೆ ಇಡಲು ಹೇಳಿ, ಕೈಗಳು ಜೇಬಿನ ಹೊರಗಿರಲಿ. ಬಿಸಿಗಾಳಿಯಿಂದ ಒಣಗಿ ಹಿಮ್ಮಡಿ ಸೀಳುವುದರಿಂದ ರಾತ್ರಿ ಎಣ್ಣೆ ಹಚ್ಚಿಸಿ. ಮನೆಯೊಳಗೇ ಕೂತು ಕೂತು ಅವರಿಗೆ ಮನಸ್ಸು ಮಂಕಾಗುತ್ತದೆ, ಬಿಸಿಲು ಬೀಳುವ ಕಿಟಕಿಯ ಬಳಿಯ ಕುರ್ಚಿ ಅವರದ್ದಾಗಿರಲಿ.

ಬೀದಿಯಲ್ಲಿ ಕಷ್ಟಪಟ್ಟು ಬಿಡಿಸಿದ ಕಾರಿನ ಜಾಗದಲ್ಲಿ ಕುರ್ಚಿಯನ್ನೋ ಡಬ್ಬವನ್ನೋ ಇಟ್ಟು ಹೋಗುವುದು ಬಾಸ್ಟನ್ನಿನ ಹಳೆಯ ವಾಡಿಕೆ. ನಗರಾಡಳಿತ, ತಾನು ಸಾರಿದ ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಯವರೆಗೆ ಮಾತ್ರ ಅದನ್ನು ಸಹಿಸುತ್ತದೆ. ಇನ್ನೊಬ್ಬರ ಕುರ್ಚಿಯನ್ನು ಸರಿಸಿ ಕಾರು ನಿಲ್ಲಿಸಬೇಡಿ. ಅದರ ಹಿಂದೆ ಯಾರದೋ ಮೂರು ಗಂಟೆಯ ಬೆವರಿರುತ್ತದೆ.

ಕರಗುವ ಕಾಲ ಬಂದಾಗ ಬೀದಿಯ ಮೂಲೆಯ ಚರಂಡಿ ಬಾಯಿಯನ್ನು ಹುಡುಕಿ ಬಿಡಿಸಿ, ಇಲ್ಲದಿದ್ದರೆ ಆ ನೀರೆಲ್ಲ ನೆಲಮಾಳಿಗೆಗೆ ಇಳಿಯುತ್ತದೆ. ಗೋಡೆಗೆ ಒತ್ತಿಕೊಂಡ ರಾಶಿಯನ್ನು ನಾಲ್ಕಡಿ ದೂರ ಸರಿಸಿ. ಉಪ್ಪು ಕುಡಿದ ಗಿಡಗಳ ಬುಡಕ್ಕೆ ಮಣ್ಣು ಸಡಿಲವಾದ ಮೇಲೆ ಎರಡು ಮೂರು ಸಲ ಧಾರಾಳವಾಗಿ ನೀರು ಹಾಯಿಸಿ. ಆ ವರ್ಷ ಮಾರ್ಚ್ 21ರ ಯುಗಾದಿಗೆ ಬೇವುಬೆಲ್ಲ ಹಂಚುವಾಗಲೂ ನಮ್ಮ ಅಂಗಳದಲ್ಲಿ ಮಸಿಬಣ್ಣಕ್ಕೆ ತಿರುಗಿದ ಹಿಮದ ಗುಡ್ಡೆಯಿತ್ತು. ನಗರದವರು ದಕ್ಷಿಣ ಬಾಸ್ಟನ್ನಿನ ಬಂದರಿನ ಕಡೆ ಸಾಗಿಸಿ ಪೇರಿಸಿದ್ದ ಬೆಟ್ಟ ಪೂರ್ತಿ ಕರಗಿದ್ದು ಜುಲೈ 14ರಂದು. ಅಷ್ಟು ಹೊತ್ತಿಗೆ ನಮ್ಮ ಹಿತ್ತಲಿನ ಹೀರೆಬಳ್ಳಿ ಚಪ್ಪರ ಹತ್ತಿ ಹೂ ಬಿಟ್ಟಿತ್ತು, ಸಲಿಕೆ ಎಣ್ಣೆ ಸವರಿಸಿಕೊಂಡು ಒಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು.